ಬಟ್ಟಲು ತುಂಬುತ್ತಿದೆ, ಮೈ ತುಂಬುತ್ತಿಲ್ಲ: ದೈತ್ಯ ತಳಿಯ ಬಡಕಲು ನಾಯಿಗೆ ಕಡಿಮೆ ಖರ್ಚಿನಲ್ಲಿ ಏನು ಹಾಕಬೇಕು?

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ನಮ್ಮ ಮನೆಗೆ ಎರಡು ವರ್ಷದ ಗಂಡು ಗ್ರೇಟ್ ಡೇನ್ ಬಂದಿದೆ. ಮೊದಲಿನವರು ಸಾಕಲಾಗದೆ ಕೊಟ್ಟರು. ಭುಜದವರೆಗಿನ ಎತ್ತರ 80 ಸೆಂಟಿಮೀಟರ್, ತೂಕ 46 ಕಿಲೋ. ಪಕ್ಕೆಲುಬು, ಸೊಂಟದ ಮೂಳೆ, ಬೆನ್ನಿನ ಗಂಟುಗಳು ದೂರಕ್ಕೇ ಕಾಣುತ್ತವೆ. ಬೆಳಿಗ್ಗೆ ಕಾಲು ಕಿಲೋ ಅಗ್ಗದ ಒಣ ಆಹಾರ, ರಾತ್ರಿ ಬಟ್ಟಲು ತುಂಬ ಅನ್ನ (ತೂಗಿ ನೋಡಿದರೆ 700 ಗ್ರಾಂ) ಮತ್ತು 150 ಗ್ರಾಂ ಬೇಯಿಸಿದ ಕೋಳಿಮಾಂಸ ಹಾಕುತ್ತೇವೆ. ಬಟ್ಟಲನ್ನು ನೆಕ್ಕಿ ಖಾಲಿ ಮಾಡುತ್ತದೆ. ದಿನಕ್ಕೆ ನಾಲ್ಕೈದು ಬಾರಿ ಮೆತ್ತಗೆ, ರಾಶಿಯಾಗಿ ಮಲ ಹಾಕುತ್ತದೆ. ಬಂದ ಹೊಸದರಲ್ಲಿ ಜಂತುಹುಳುವಿನ ಮಾತ್ರೆ ಒಂದನ್ನು ಕೊಟ್ಟಿದ್ದೆವು. ಈಗ ನನ್ನ ದುಡಿಮೆ ಅರ್ಧಕ್ಕಿಳಿದಿದೆ. ಒಬ್ಬರು ಹಾಲು ಬಾಳೆಹಣ್ಣು ಎನ್ನುತ್ತಾರೆ, ಒಬ್ಬರು ಹಸಿ ಮೊಟ್ಟೆ, ಇನ್ನೊಬ್ಬರು ಕ್ಯಾಲ್ಸಿಯಂ ಟಾನಿಕ್, ಮತ್ತೊಬ್ಬರು ಜಿಮ್‌ನ ಪ್ರೋಟೀನ್ ಪುಡಿ. ಈ ತಳಿಯೇ ಹಾಗೆ, ಸುಮ್ಮನಿರಿ ಎಂದವರೂ ಇದ್ದಾರೆ. ಕೈಯಲ್ಲಿರುವ ಹಣದಲ್ಲಿ ಇದನ್ನು ಹೇಗೆ ಸುಧಾರಿಸಲಿ? ಬಟ್ಟಲನ್ನು ಎತ್ತರದ ಸ್ಟೂಲಿನ ಮೇಲೆ ಇಡಬೇಕೆಂಬುದು ನಿಜವೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕೆಲಸವನ್ನು ಹಗುರ ಮಾಡಿದ ಸಂಗತಿಯೆಂದರೆ ನೀವು ಅನ್ನವನ್ನೂ ಮಾಂಸವನ್ನೂ ತೂಗಿ ಬರೆದಿರುವುದು. ನಾಯಿ ಬಡಕಲಾಗಿದೆ ಎಂದು ಚಿಕಿತ್ಸಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಎಷ್ಟು ಹಾಕುತ್ತೀರಿ ಎಂದು ಕೇಳಿದರೆ ಎರಡೂ ಕೈಗಳಿಂದ ಗಾಳಿಯಲ್ಲಿ ಒಂದು ಬಟ್ಟಲಿನ ಆಕಾರ ತೋರಿಸುತ್ತಾರೆ. ಆ ಆಕಾರದಿಂದ ಏನನ್ನೂ ಲೆಕ್ಕ ಹಾಕಲಾಗದು. ನಿಮ್ಮ ಅಂಕಿಗಳಿಂದ ಹಾಕಬಹುದು, ಮತ್ತು ಹಾಕಿ ನೋಡಿದಾಗ ಎರಡು ಸಂಗತಿಗಳು ಕಾಣುತ್ತವೆ: ನಿಮ್ಮ ನಾಯಿಗೆ ಸಿಗುತ್ತಿರುವ ಆಹಾರ ಕಣ್ಣಿಗೆ ಕಾಣುವಷ್ಟಿಲ್ಲ, ಸಿಗುತ್ತಿರುವುದರಲ್ಲೂ ಒಂದು ಪಾಲು ಮೈಗೆ ಹತ್ತುತ್ತಿಲ್ಲ. ಮೊದಲನೆಯದನ್ನು ಬಟ್ಟಲಿನಲ್ಲಿ ಸರಿಪಡಿಸಬಹುದು. ಎರಡನೆಯದರ ಕಾರಣವನ್ನು ಮಲದಲ್ಲಿ ಹುಡುಕಬೇಕು.

ಅದಕ್ಕೂ ಮೊದಲು, ಈ ತಳಿಯೇ ಹಾಗೆ ಎಂಬ ಮಾತನ್ನು ಇತ್ಯರ್ಥ ಮಾಡಿಬಿಡೋಣ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ದೈತ್ಯ ತಳಿಗಳು ಒಂದೂವರೆ ವರ್ಷದಿಂದ ಎರಡು ವರ್ಷದವರೆಗೂ ಬೆಳೆಯುತ್ತವೆ; ಮೂಳೆ ಮೊದಲು ಉದ್ದವಾಗಿ, ಮಾಂಸಖಂಡ ಆಮೇಲೆ ತುಂಬಿಕೊಳ್ಳುವುದರಿಂದ ಹತ್ತು ಹನ್ನೆರಡು ತಿಂಗಳಿನ ಗ್ರೇಟ್ ಡೇನ್ ಕಾಲು ಮಾತ್ರ ಬೆಳೆದ ಹುಡುಗನ ಹಾಗೆ ಕಾಣುತ್ತದೆ. ಗಿಡ್ಡ ಕೂದಲಿನ ನಾಯಿಯಲ್ಲಿ ಕೊನೆಯ ಒಂದೆರಡು ಪಕ್ಕೆಲುಬುಗಳು ಓಡುವಾಗ ಮಸುಕಾಗಿ ಕಂಡರೆ ಅದು ಕೊರತೆಯಲ್ಲ. ಲ್ಯಾಬ್ರಡಾರ್ ನಾಯಿಗಳನ್ನು ಜೀವನಪೂರ್ತಿ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಮ್ಮ ಜೊತೆಯ ನಾಯಿಗಿಂತ ಶೇಕಡಾ 25ರಷ್ಟು ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು. ಕೀಲುನೋವೂ ಅವುಗಳಲ್ಲಿ ತಡವಾಗಿ ಬಂತು. ದೊಡ್ಡ ನಾಯಿ ಎಂದರೆ ದಪ್ಪ ನಾಯಿ ಎಂಬ ಕಲ್ಪನೆಯನ್ನು ನಾನಂತೂ ಪ್ರೋತ್ಸಾಹಿಸುವುದಿಲ್ಲ.

ಆದರೆ ನಿಮ್ಮ ನಾಯಿಗೆ ಈ ರಿಯಾಯಿತಿ ಅನ್ವಯಿಸದು. ಸೊಂಟದ ಮೂಳೆ ಮತ್ತು ಬೆನ್ನಿನ ಗಂಟುಗಳು ದೂರಕ್ಕೆ ಕಾಣುವುದು ಯಾವ ತಳಿಯಲ್ಲೂ ಸಹಜವಲ್ಲ. ನಾವು ಬಳಸುವ ಒಂಬತ್ತು ಅಂಕಗಳ ಮೈಕಟ್ಟಿನ ಪಟ್ಟಿಯಲ್ಲಿ 4 ಅಥವಾ 5 ಸರಿಯಾದ ಸ್ಥಿತಿ. ನಿಮ್ಮ ವಿವರಣೆ 2ರ ಆಸುಪಾಸಿನದು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ನಿಮ್ಮ ಎಡಗೈಯ ಮುಷ್ಟಿ ಬಿಗಿದು ಬಲಗೈ ಬೆರಳುಗಳನ್ನು ಗೆಣ್ಣುಗಳ ಮೇಲೆ ಆಡಿಸಿ, ಆಮೇಲೆ ಕೈ ಬಿಡಿಸಿ ಅಂಗೈಯ ಹಿಂಬದಿಯ ಮೇಲೆ, ಕೊನೆಗೆ ಅಂಗೈಯ ಮೇಲೆ ಆಡಿಸಿ. ನಾಯಿಯ ಪಕ್ಕೆ ಮುಷ್ಟಿಯ ಗೆಣ್ಣಿನಂತೆ ತಾಕಿದರೆ ಅದು ಸೊರಗಿದೆ, ಕೈಯ ಹಿಂಬದಿಯಂತೆ ತಾಕಿದರೆ ಸರಿಯಾಗಿದೆ, ಅಂಗೈಯಂತೆ ತಾಕಿದರೆ ಕೊಬ್ಬಿದೆ. ಜೊತೆಗೆ ತಲೆಬುರುಡೆಯ ಮೇಲ್ಭಾಗ, ಹೆಗಲು, ತೊಡೆಗಳನ್ನೂ ಮುಟ್ಟಿ ನೋಡಿ. ಅಲ್ಲಿ ಗುಳಿ ಬಿದ್ದಿದ್ದರೆ ಕರಗಿರುವುದು ಕೊಬ್ಬು ಮಾತ್ರವಲ್ಲ, ಮಾಂಸಖಂಡವೂ ಹೌದು; ಅದನ್ನು ನಿಮ್ಮ ವೈದ್ಯರಿಗೆ ತಪ್ಪದೆ ಹೇಳಬೇಕು. 80 ಸೆಂಟಿಮೀಟರ್ ಎತ್ತರದ ಗಂಡು ಡೇನ್ ಕನಿಷ್ಠ 54 ಕಿಲೋ ತೂಗಬೇಕು. ನಾವು 56 ಕಿಲೋವನ್ನು ಗುರಿಯಾಗಿಟ್ಟುಕೊಳ್ಳೋಣ.

ಈಗ ಬಟ್ಟಲಿನ ಲೆಕ್ಕ. ನಾನಿಲ್ಲಿ ಕ್ಯಾಲರಿ ಎನ್ನುವುದು ಚೀಲದ ಮೇಲೆ ಕಿಲೋಕ್ಯಾಲರಿ ಎಂದು ಮುದ್ರಿಸಿರುವ ಅಳತೆಯನ್ನೇ. ಸಾಧಾರಣ ಗುಣಮಟ್ಟದ ಒಣ ಆಹಾರದಲ್ಲಿ ಕಿಲೋಗೆ 3300 ಕ್ಯಾಲರಿ ಇದೆ ಎಂದು ಹಿಡಿದರೆ ನೀವು ಹಾಕುವ ಕಾಲು ಕಿಲೋದಿಂದ ಸಿಗುವುದು 825. ಬೇಯಿಸಿದ ಅನ್ನದಲ್ಲಿ 100 ಗ್ರಾಂಗೆ ಸುಮಾರು 130 ಕ್ಯಾಲರಿ, ಅಂದರೆ 700 ಗ್ರಾಂಗೆ 910. ಮೂಳೆ ತೆಗೆದ ಬೇಯಿಸಿದ ಕೋಳಿಮಾಂಸ 150 ಗ್ರಾಂಗೆ ಹೆಚ್ಚೆಂದರೆ 250. ಒಟ್ಟು ಎರಡು ಸಾವಿರಕ್ಕೆ ಸ್ವಲ್ಪ ಕಡಿಮೆ. ಅನ್ನದ ಬಟ್ಟಲು ಕಣ್ಣನ್ನು ವಂಚಿಸುವುದು ಹೀಗೆ: ಅದರ ತೂಕದ ಮೂರನೇ ಎರಡು ಪಾಲು ನೀರು. ನಾಯಿಯ ಹೊಟ್ಟೆ ಬಿರಿಯುತ್ತದೆ, ನಿಮ್ಮ ಮನಸ್ಸು ತುಂಬುತ್ತದೆ, ಕ್ಯಾಲರಿ ಮಾತ್ರ ಬಂದಿರುವುದಿಲ್ಲ.

ಬೇಕಾಗಿರುವುದು ಎಷ್ಟು? ನಾಯಿ ಸುಮ್ಮನೆ ಮಲಗಿದ್ದರೂ ಬೇಕಾಗುವ ಶಕ್ತಿಯನ್ನು ಲೆಕ್ಕ ಹಾಕುವ ಸೂತ್ರವೊಂದಿದೆ. ಅದನ್ನು ಸಾಮಾನ್ಯ ಕ್ಯಾಲ್ಕುಲೇಟರಿನಲ್ಲೇ ಮಾಡಬಹುದು. ತೂಕವನ್ನು ಕಿಲೋದಲ್ಲಿ ಒತ್ತಿ, ಅದನ್ನು ಅದೇ ತೂಕದಿಂದ ಎರಡು ಸಲ ಗುಣಿಸಿ (56 × 56 × 56 ಎಂಬಂತೆ), ಬಂದ ಸಂಖ್ಯೆಗೆ ವರ್ಗಮೂಲದ ಗುಂಡಿಯನ್ನು ಎರಡು ಬಾರಿ ಒತ್ತಿ, ಕೊನೆಗೆ 70ರಿಂದ ಗುಣಿಸಿ. 56 ಕಿಲೋಗೆ ಇದು 1433 ಬರುತ್ತದೆ. ಸಂತಾನಹರಣ ಮಾಡಿಸದ ವಯಸ್ಕ ನಾಯಿಗೆ ಅದರ 1.8ರಷ್ಟು, ಅಂದರೆ ಸುಮಾರು 2580 ಬೇಕು. ಇದು ಸರಾಸರಿ ನಾಯಿಯ ಲೆಕ್ಕ. ಗ್ರೇಟ್ ಡೇನ್, ಅದರಲ್ಲೂ ಎಳೆಯ ಡೇನ್, ಸರಾಸರಿಗಿಂತ ಹೆಚ್ಚು ಉರಿಸುವ ಒಲೆ. ಅಷ್ಟೇ ತೂಕದ ನ್ಯೂಫೌಂಡ್‌ಲ್ಯಾಂಡ್ ತಳಿಯ ನಾಯಿ ಇದರ ಅರ್ಧ ಮುಕ್ಕಾಲಿನಲ್ಲೇ ಬದುಕುತ್ತದೆ. ಹಾಗಾಗಿ ನಿಮ್ಮ ನಾಯಿಗೆ ದಿನಕ್ಕೆ 2700ರಿಂದ ಆರಂಭಿಸಿ, ಅಗತ್ಯ ಬಿದ್ದರೆ 3500ರವರೆಗೆ ಏರಿಸಬೇಕಾಗಬಹುದು. ಈಗ ದಿನವೂ ಕನಿಷ್ಠ 700 ಕ್ಯಾಲರಿ ಕೊರತೆ ಬೀಳುತ್ತಿದೆ. ಅದು ಮೈ ಕರಗಲು ಸಾಕು.

ಆದರೂ ನೇರವಾಗಿ ಆಹಾರ ಹೆಚ್ಚಿಸಿಬಿಡಿ ಎಂದು ಹೇಳಲು ನನಗೆ ಧೈರ್ಯವಿಲ್ಲ. ಕಾರಣ, ದಿನಕ್ಕೆ ನಾಲ್ಕೈದು ಬಾರಿ ಬರುವ ಆ ಮೆತ್ತನೆಯ ರಾಶಿ. ಅದರಲ್ಲಿ ಸ್ವಲ್ಪ ಭಾಗ ಅಗ್ಗದ ಆಹಾರದ ದೋಷವಿರಬಹುದು. ಜೀರ್ಣವಾಗದ ಹೊಟ್ಟು ಹೆಚ್ಚಿದ್ದಷ್ಟೂ ಮಲ ಹೆಚ್ಚುತ್ತದೆ. ಉಳಿದದ್ದಕ್ಕೆ ಹುಳು ಕಾರಣವಿರಬಹುದು. ಬಂದ ಹೊಸದರಲ್ಲಿ ಒಂದು ಮಾತ್ರೆ ಕೊಟ್ಟೆವು ಎಂದಿದ್ದೀರಿ. ಆ ಪೊಟ್ಟಣ ಇನ್ನೂ ಇದ್ದರೆ ತೆಗೆದು ನೋಡಿ. ಬಹಳಷ್ಟು ಜಂತುಹುಳು ಮಾತ್ರೆಗಳು 10 ಕಿಲೋ ತೂಕಕ್ಕೆ ಒಂದರಂತೆ ತಯಾರಾಗಿರುತ್ತವೆ. ಹಾಗಿದ್ದರೆ 46 ಕಿಲೋ ನಾಯಿಗೆ ಸುಮಾರು ಐದು ಬೇಕಿತ್ತು. ದೊಡ್ಡ ನಾಯಿಗಳಲ್ಲಿ ನಾನು ಪದೇ ಪದೇ ಕಾಣುವ ಎಡವಟ್ಟು ಇದು: ಮಾತ್ರೆ ಕೊಟ್ಟದ್ದು ನಿಜ, ಹುಳುವಿಗೆ ಮುಟ್ಟಲಿಲ್ಲ. ಪೂರ್ತಿ ಪ್ರಮಾಣ ಕೊಟ್ಟರೂ ಸಾಮಾನ್ಯ ಮಾತ್ರೆಗೆ ಜಿಯಾರ್ಡಿಯಾ ಎಂಬ ಏಕಕೋಶ ಪರಾವಲಂಬಿ ಬಗ್ಗದೇ ಇರಬಹುದು. ಚಾಟಿಹುಳು ಎಂಬ ಕರುಳಿನ ಹುಳುವಿನ ಮೊಟ್ಟೆಗಳು ಪ್ರತಿದಿನದ ಮಲದಲ್ಲೂ ಸಿಗುವುದಿಲ್ಲ. ಆದ್ದರಿಂದ ಒಂದೇ ದಿನದ ಮಲ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲವೆಂದರೆ ಹುಳುವಿಲ್ಲ ಎಂದು ಅರ್ಥವಲ್ಲ. ಮೂರು ದಿನಗಳ ಮಾದರಿಯನ್ನು ಸೇರಿಸಿ ಕೊಡುವುದು ಒಳ್ಳೆಯದು. ಕೈಯಲ್ಲಿ ಹಣ ಕಡಿಮೆ ಇರುವಾಗ ಮೊದಲ ಖರ್ಚು ಇದೇ ಆಗಲಿ. ಹುಳುವಿಗೆ ಊಟ ಹಾಕುವುದಕ್ಕಿಂತ ದುಬಾರಿ ಸಾಕಣೆ ಇನ್ನೊಂದಿಲ್ಲ.

ಮಲ ಪರೀಕ್ಷೆಯ ಜೊತೆಗೆ ವೈದ್ಯರು ಒಮ್ಮೆ ಕೈಯಿಟ್ಟು, ಕಿವಿಯಿಟ್ಟು ನೋಡುವುದು ಅಗತ್ಯ. ಗ್ರೇಟ್ ಡೇನ್‌ಗಳಲ್ಲಿ ಹೃದಯದ ಸ್ನಾಯು ತೆಳುವಾಗಿ ಹಿಗ್ಗುವ ರೋಗ ಇತರ ಹಲವು ತಳಿಗಳಿಗಿಂತ ಹೆಚ್ಚು. ಅದು ಮುಂದುವರಿದಾಗ ನಾಯಿ ಎಷ್ಟು ತಿಂದರೂ ಮಾಂಸಖಂಡ ಕರಗುತ್ತದೆ. ಉಣುಗಿನಿಂದ ಹರಡುವ ರಕ್ತದ ಸೋಂಕು, ಮೂತ್ರಪಿಂಡದ ತೊಂದರೆ, ಕರುಳಿನ ದೀರ್ಘಕಾಲದ ಉರಿಯೂತ, ಹಲ್ಲಿನ ನೋವು ಇವೂ ಪಟ್ಟಿಯಲ್ಲಿವೆ. ಆದರೆ ಗಬಗಬನೆ ತಿಂದು ಖಾಲಿ ಮಾಡುವ, ಗೆಲುವಾಗಿ ಓಡಾಡುವ ಎರಡು ವರ್ಷದ ನಾಯಿಯಲ್ಲಿ ಇವೆಲ್ಲವನ್ನೂ ಮೊದಲ ದಿನವೇ ಹುಡುಕುತ್ತ ಹೋಗಬೇಕಿಲ್ಲ. ಒಂದನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ಮೇದೋಜೀರಕ ಗ್ರಂಥಿ ಜೀರ್ಣರಸವನ್ನು ಸಾಕಷ್ಟು ಸ್ರವಿಸದಿದ್ದರೆ ನಾಯಿ ಹಸಿವಿನಿಂದ ಹುಚ್ಚಾಗಿ ತಿನ್ನುತ್ತದೆ, ತಿಂದದ್ದು ತಿಳಿ ಬಣ್ಣದ, ಜಿಡ್ಡು ಜಿಡ್ಡಾದ ರಾಶಿಯಾಗಿ ಹೊರಬರುತ್ತದೆ, ಮೈ ದಿನೇ ದಿನೇ ಒಣಗುತ್ತದೆ. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಹೆಚ್ಚಾದರೂ ಬೇರೆ ತಳಿಗಳಿಗೆ ಬರುವುದಿಲ್ಲವೆಂದೇನಿಲ್ಲ. ಖಾಲಿ ಹೊಟ್ಟೆಯಲ್ಲಿ ತೆಗೆದ ರಕ್ತದ ಒಂದು ಪರೀಕ್ಷೆಯಿಂದ, ಟಿಎಲ್‌ಐ ಎಂದು ಅದರ ಹೆಸರು, ಗೊತ್ತಾಗುತ್ತದೆ. ನಿಮ್ಮ ನಾಯಿಯ ಮಲ ಹಳದಿ ಅಥವಾ ಬೂದು ಬಣ್ಣಕ್ಕೆ ತಿರುಗಿದ್ದರೆ ಈ ಪರೀಕ್ಷೆಯನ್ನು ಮುಂದೂಡಬೇಡಿ.

ಇನ್ನು ನಿಮಗೆ ಬಂದಿರುವ ಸಲಹೆಗಳು. ಹಾಲು ವಿಷವಲ್ಲ, ಆದರೆ ಬೆಳೆದ ಅನೇಕ ನಾಯಿಗಳಿಗೆ ಅದರ ಸಕ್ಕರೆ ಜೀರ್ಣವಾಗದು; ಮೊದಲೇ ಮಲ ಸಡಿಲವಿರುವ ನಾಯಿಗೆ ಹಾಲು ಕುಡಿಸುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಬಾಳೆಹಣ್ಣಿನಿಂದ ಹಾನಿಯಿಲ್ಲ, ಒಂದು ಹಣ್ಣಿನಲ್ಲಿ ನೂರು ಕ್ಯಾಲರಿ, ಅಷ್ಟೇ. ಮೊಟ್ಟೆ ಒಳ್ಳೆಯ ಆಹಾರ, ಆದರೆ ಹಸಿಯಾಗಿ ಬೇಡ. ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಅಂಶ ಬಯೋಟಿನ್ ಜೀವಸತ್ವವನ್ನು ಕಟ್ಟಿಹಾಕುತ್ತದೆ, ಸಾಲ್ಮೊನೆಲ್ಲಾ ಸೋಂಕಿನ ಭಯವೂ ಉಂಟು. ಬೇಯಿಸಿದರೆ ಎರಡೂ ತೊಂದರೆಗಳು ಬಗೆಹರಿಯುತ್ತವೆ. ಜಿಮ್‌ನ ಪ್ರೋಟೀನ್ ಪುಡಿಯನ್ನು ದಯವಿಟ್ಟು ದೂರವಿಡಿ. ನಿಮ್ಮ ನಾಯಿಗೆ ಕೊರತೆಯಿರುವುದು ಕ್ಯಾಲರಿಯದು, ಆ ಪುಡಿಯಲ್ಲಿ ದುಬಾರಿ ಬೆಲೆಗೆ ಸಿಗುವುದು ಪ್ರೋಟೀನು. ಮೇಲಾಗಿ ಅಂಥ ಕೆಲವು ಪುಡಿಗಳಲ್ಲಿ ಸಿಹಿಗಾಗಿ ಕ್ಸೈಲಿಟಾಲ್ ಬೆರೆಸಿರುತ್ತಾರೆ, ಅದು ನಾಯಿಯ ರಕ್ತದ ಸಕ್ಕರೆಯನ್ನು ಗಂಟೆಯೊಳಗೆ ಕುಸಿಯುವಂತೆ ಮಾಡಬಲ್ಲ ವಿಷ.

ಕ್ಯಾಲ್ಸಿಯಂ ಟಾನಿಕ್ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ದೊಡ್ಡ ಮೂಳೆಗೆ ದೊಡ್ಡ ಬಾಟಲಿ ಎಂಬ ನಂಬಿಕೆಯಿಂದ ಹಾಳಾದ ಕಾಲುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಸಮತೋಲಿತ ಒಣ ಆಹಾರ ತಿನ್ನುವ ನಾಯಿಗೆ ಹೊರಗಿನಿಂದ ಕ್ಯಾಲ್ಸಿಯಂ ಬೇಕಿಲ್ಲ. ವಯಸ್ಕ ನಾಯಿಯಲ್ಲಿ ಇದು ವ್ಯರ್ಥ ಖರ್ಚು, ಮರಿಯಲ್ಲಿ ಅಪಾಯ. ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡವೆಂದು ತಡೆಯುವ ಶಕ್ತಿ ಸರಿಯಾಗಿ ಬಂದಿರುವುದಿಲ್ಲ, ಬಾಯಿಗೆ ಬಿದ್ದದ್ದರಲ್ಲಿ ಬಹುಪಾಲು ಒಳಗೆ ಹೋಗುತ್ತದೆ, ಮೃದ್ವಸ್ಥಿ ಮೂಳೆಯಾಗುವ ಕ್ರಮವೇ ಕೆಡುತ್ತದೆ. ಈ ತಳಿಯ ಮರಿಗಳ ಮೇಲೆಯೇ ನಡೆದ ಪ್ರಯೋಗಗಳಲ್ಲಿ ಇದು ಸ್ಪಷ್ಟವಾಗಿದೆ. 1974ರಲ್ಲಿ ಪ್ರಕಟವಾದ ಇನ್ನೊಂದು ಪ್ರಸಿದ್ಧ ಪ್ರಯೋಗ, ಬೇಕಾದಷ್ಟು ತಿನ್ನಲು ಬಿಟ್ಟ ಗ್ರೇಟ್ ಡೇನ್ ಮರಿಗಳಲ್ಲಿ ಮೂಳೆಯ ತೊಂದರೆಗಳು ಹೆಚ್ಚೆಂದು ತೋರಿಸಿತು. ಹೆಚ್ಚು ಪ್ರೋಟೀನ್ ತಿಂದರೆ ಮೂಳೆ ಕೆಡುತ್ತದೆ ಎಂಬ ಮಾತು ಮಾತ್ರ ಆಮೇಲಿನ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ. ಈ ಉತ್ತರವನ್ನು ಮರಿ ಸಾಕಿದವರು ಓದುತ್ತಿದ್ದರೆ, ಇಲ್ಲಿ ನಾನು ಹೇಳುವ ಮೈ ತುಂಬಿಸುವ ವಿಧಾನ ಅವರಿಗಲ್ಲ. ದೊಡ್ಡ ತಳಿಯ ಮರಿಗಳ ಬೆಳವಣಿಗೆಗೆ ಎಂದು ಸ್ಪಷ್ಟವಾಗಿ ಮುದ್ರಿಸಿದ ಆಹಾರವನ್ನು ಅಳತೆಯಲ್ಲಿ ಹಾಕಿ, ಮರಿಯನ್ನು ಸ್ವಲ್ಪ ತೆಳ್ಳಗೇ ಬೆಳೆಸಬೇಕು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳು ಯಾವುವು? ಆಹಾರದ ಅಗ್ಗ ದುಬಾರಿಯನ್ನು ಕಿಲೋ ಲೆಕ್ಕದಲ್ಲಿ ಅಳೆಯುವುದನ್ನು ಬಿಡುವುದು ಮೊದಲ ಹೆಜ್ಜೆ. ಒಂದೇ ಬೆಲೆಯ ಎರಡು ಚೀಲಗಳಿವೆ ಎಂದುಕೊಳ್ಳಿ: ಒಂದರಲ್ಲಿ 20 ಕಿಲೋ, ಕಿಲೋಗೆ 3300 ಕ್ಯಾಲರಿ, ಇನ್ನೊಂದರಲ್ಲಿ 15 ಕಿಲೋ, ಕಿಲೋಗೆ 4000 ಕ್ಯಾಲರಿ. ಕಿಲೋ ಲೆಕ್ಕದಲ್ಲಿ ಎರಡನೆಯದು ಮೂರನೇ ಒಂದರಷ್ಟು ದುಬಾರಿ. ಆದರೆ ಮೊದಲ ಚೀಲದಲ್ಲಿರುವುದು 66,000 ಕ್ಯಾಲರಿ, ಎರಡನೆಯದರಲ್ಲಿ 60,000. ನಿಜವಾದ ವ್ಯತ್ಯಾಸ ಹತ್ತರಲ್ಲಿ ಒಂದು ಪಾಲು ಮಾತ್ರ. ಎರಡನೆಯದು ಚೆನ್ನಾಗಿ ಜೀರ್ಣವಾಗಿ ಮಲ ಗಟ್ಟಿಯಾದರೆ ಆ ವ್ಯತ್ಯಾಸವೂ ಅಳಿಸಿಹೋಗುತ್ತದೆ. ಚೀಲದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿರುವ ಕ್ಯಾಲರಿ ಅಂಕಿಯನ್ನು ಹುಡುಕಿ, ಬೆಲೆಯನ್ನು ಒಟ್ಟು ಕ್ಯಾಲರಿಯಿಂದ ಭಾಗಿಸಿ, ಸಾವಿರದಿಂದ ಗುಣಿಸಿ. ಸಾವಿರ ಕ್ಯಾಲರಿಯ ಬೆಲೆ ಸಿಗುತ್ತದೆ. ಆ ಅಂಕಿಯನ್ನೇ ಮುದ್ರಿಸದ ಚೀಲವನ್ನು ನಾನಾದರೆ ಕೊಳ್ಳುವುದಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಎರಡೇ: ಅದು ಸಂಪೂರ್ಣ ಹಾಗೂ ಸಮತೋಲಿತ ಆಹಾರ ಎಂಬ ಹೇಳಿಕೆ, ಮತ್ತು ಕಿಲೋಗೆ 3800ಕ್ಕೆ ಕಡಿಮೆಯಿಲ್ಲದ ಕ್ಯಾಲರಿ. ಮರಿಗಳ ಆಹಾರ, ಎಲ್ಲ ವಯಸ್ಸಿನ ನಾಯಿಗಳ ಆಹಾರ, ದುಡಿಯುವ ನಾಯಿಗಳ ಆಹಾರ ಎಂದು ಬರುವವು ಸಾಮಾನ್ಯವಾಗಿ ಹೀಗೆ ಕ್ಯಾಲರಿಯಲ್ಲಿ ಗಟ್ಟಿಯಾಗಿರುತ್ತವೆ. ಬೆಳವಣಿಗೆ ಮುಗಿದ ನಿಮ್ಮ ನಾಯಿಗೆ ಮರಿ ಆಹಾರದಿಂದ ತೊಂದರೆಯಿಲ್ಲ. ಧಾನ್ಯರಹಿತ ಎಂಬ ಹಣೆಪಟ್ಟಿಗೆ ಹೆಚ್ಚು ಹಣ ಕೊಡಬೇಡಿ. ನಾಯಿ ಮನುಷ್ಯನ ಜೊತೆ ಬಾಳುತ್ತ ಪಿಷ್ಟವನ್ನು ಅರಗಿಸಿಕೊಳ್ಳುವ ಜೀನ್‌ಗಳನ್ನು ತೋಳಕ್ಕಿಂತ ಹೆಚ್ಚಿಸಿಕೊಂಡಿದೆ. 2018ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಬಟಾಣಿ, ಬೇಳೆ, ಆಲೂಗಡ್ಡೆಗಳೇ ಪ್ರಧಾನವಾದ ಅಂಥ ಆಹಾರಗಳಿಗೂ ಹೃದಯ ಹಿಗ್ಗುವ ರೋಗಕ್ಕೂ ಸಂಬಂಧವಿರಬಹುದೇ ಎಂದು ತನಿಖೆ ಆರಂಭಿಸಿತ್ತು. ಸಂಬಂಧ ಖಚಿತವಾಗಿ ಸಾಬೀತಾಗಿಲ್ಲ. ಆದರೂ ಹೃದಯ ಮೊದಲೇ ಸೂಕ್ಷ್ಮವಾಗಿರುವ ಈ ತಳಿಗೆ ಆ ಹಾದಿ ಏಕೆ?

ಎರಡನೆಯ ದಾರಿ ಪೂರ್ತಿ ಮನೆ ಅಡುಗೆ. ಪತ್ರ ಬರೆಯುವವರೆಲ್ಲ ಇದು ಅಗ್ಗವೆಂದು ಭಾವಿಸಿರುತ್ತಾರೆ. ಅನ್ನ ಮಾಂಸ ಮಾತ್ರ ಹಾಕಿದರೆ ಅಗ್ಗವೇ. ಆದರೆ ಮಾಂಸದಲ್ಲಿ ರಂಜಕಕ್ಕೆ ಹೋಲಿಸಿದರೆ ಕ್ಯಾಲ್ಸಿಯಂ ಸುಮಾರು ಹದಿನೈದು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಇರುತ್ತದೆ. ತಿಂಗಳುಗಟ್ಟಲೆ ಹೀಗೆ ನಡೆದರೆ ದೇಹವು ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಕೊಡುತ್ತದೆ. ಸತು, ತಾಮ್ರ, ಅಯೋಡಿನ್, ಡಿ ಮತ್ತು ಇ ಜೀವಸತ್ವಗಳ ಕಥೆಯೂ ಇದೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2013ರಲ್ಲಿ ನಾಯಿಗಳಿಗೆಂದು ಪ್ರಕಟವಾದ 200 ಅಡುಗೆ ವಿಧಾನಗಳನ್ನು ಲೆಕ್ಕ ಹಾಕಿದಾಗ ಶೇಕಡಾ 95ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶವಾದರೂ ಕಡಿಮೆಯಿತ್ತು. ಪಶು ಪೋಷಣೆಯ ತಜ್ಞರಿಂದ ವಿಧಾನ ಬರೆಸಿಕೊಂಡು, ಅವರು ಹೇಳಿದ ಖನಿಜ ಮಿಶ್ರಣ ಕೊಂಡು ಮಾಡಬಹುದು. ಹಾಗೆ ಮಾಡಿದಾಗ 50 ಕಿಲೋ ದಾಟಿದ ನಾಯಿಗೆ ಖರ್ಚು ಸಾಮಾನ್ಯವಾಗಿ ಒಣ ಆಹಾರವನ್ನು ಮೀರುತ್ತದೆ ಎಂಬುದು ನನ್ನ ಅನುಭವ.

ಮೂರನೆಯದು, ನಾನು ನಿಮಗೆ ಹೇಳುವುದು: ಗಟ್ಟಿ ಒಣ ಆಹಾರವೇ ಆಧಾರ, ಅದರ ಮೇಲೆ ಅಗ್ಗದ ಮನೆ ಕ್ಯಾಲರಿ. ಹೊರಗಿನ ಸೇರ್ಪಡೆ ಒಟ್ಟು ಕ್ಯಾಲರಿಯ ಹತ್ತನೇ ಒಂದು ಭಾಗ ದಾಟಬಾರದೆಂಬುದು ಪಠ್ಯಪುಸ್ತಕದ ನಿಯಮ. ವಯಸ್ಕ ನಾಯಿಗೆ, ಆಧಾರದ ಆಹಾರ ಮರಿಗಳಿಗೂ ಸಾಲುವಷ್ಟು ಪೋಷಕಾಂಶಗಳಿಂದ ಕೂಡಿದ್ದಾಗ, ಕೆಲವು ತಿಂಗಳ ಮಟ್ಟಿಗೆ ನಾನು ಕಾಲು ಭಾಗದವರೆಗೆ ಒಪ್ಪುತ್ತೇನೆ. ಇದರಲ್ಲಿ ಅಪಾಯ ಸೊನ್ನೆಯೆಂದು ಹೇಳಲಾರೆ, ಆದರೆ ಅರೆಹೊಟ್ಟೆಯ ಅಪಾಯಕ್ಕಿಂತ ಕಡಿಮೆ. ನಿಮ್ಮ ನಾಯಿಗೆ ದಿನದ ಲೆಕ್ಕ ಹೀಗೆ ಬರುತ್ತದೆ: ಕಿಲೋಗೆ 3900 ಕ್ಯಾಲರಿಯ ಒಣ ಆಹಾರ 550 ಗ್ರಾಂ, ಅದರಿಂದ 2145; ಅನ್ನ 250 ಗ್ರಾಂ, 325; ಬೇಯಿಸಿದ ಮೊಟ್ಟೆ ಎರಡು, 150; ಅಡುಗೆ ಎಣ್ಣೆ ಒಂದು ದೊಡ್ಡ ಚಮಚ, 120. ಒಟ್ಟು 2740. ಕೋಳಿಮಾಂಸವನ್ನು ಸದ್ಯಕ್ಕೆ ನಿಲ್ಲಿಸಿ ಎಂದರೆ ನಿಮಗೆ ಬೇಸರವಾಗಬಹುದು, ಆದರೆ ನಿಮ್ಮ ಬಟ್ಟಲಿನಲ್ಲಿ ಅತಿ ದುಬಾರಿ ಕ್ಯಾಲರಿ ಅದೇ. ಬೇಕಾದ ಪ್ರೋಟೀನು ಒಣ ಆಹಾರದಲ್ಲೂ ಮೊಟ್ಟೆಯಲ್ಲೂ ಬಂದಾಯಿತು. ತಟ್ಟೆಯಲ್ಲಿ ಉಳಿದ ಬೇಯಿಸಿದ ಮೂಳೆಯನ್ನಂತೂ ಹಾಕಬೇಡಿ, ಸೀಳಿ ಚೂಪಾಗಿ ಕರುಳಿಗೆ ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ದ್ರಾಕ್ಷಿ, ಚಾಕೊಲೇಟ್ ಕೂಡ ನಿಷಿದ್ಧ.

ಎಣ್ಣೆಯ ಬಗ್ಗೆ ಒಂದು ಎಚ್ಚರಿಕೆ. ಗ್ರಾಂಗೆ 9 ಕ್ಯಾಲರಿ ಕೊಡುವ ಅದು ಎಲ್ಲಕ್ಕಿಂತ ಅಗ್ಗದ ಶಕ್ತಿ, ಹಾಗೆಂದೇ ಜನ ಅದನ್ನು ಸುರಿದುಬಿಡುತ್ತಾರೆ. ಒಮ್ಮೆಲೇ ಹೆಚ್ಚಿಸಿದರೆ ಭೇದಿಯಾಗುತ್ತದೆ, ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಬರುತ್ತದೆ. ಚಹಾ ಚಮಚದಿಂದ ಆರಂಭಿಸಿ ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ಚಮಚ ಏರಿಸಿ. ದಿನಕ್ಕೆ ಎರಡು ದೊಡ್ಡ ಚಮಚ ದಾಟಬೇಡಿ. ಹಿಂದೆ ಈ ಗ್ರಂಥಿಯ ತೊಂದರೆ ಬಂದಿದ್ದ ನಾಯಿಗೆ ಎಣ್ಣೆಯೇ ಬೇಡ. ಹೊಸ ಒಣ ಆಹಾರಕ್ಕೂ ಹತ್ತು ದಿನ ತೆಗೆದುಕೊಂಡು, ಹಳೆಯದರ ಜೊತೆ ಬೆರೆಸುತ್ತ ಬದಲಾಯಿಸಿ. ವಾರಗಟ್ಟಲೆ ಅನ್ನವೇ ಕಾಣದೆ ಎಲುಬಿನ ಹಂದರವಾಗಿ ಸಿಕ್ಕ ನಾಯಿಗೆ ಈ ಲೆಕ್ಕವೂ ಅಪಾಯಕಾರಿ. ಅಂಥ ದೇಹಕ್ಕೆ ದಿಢೀರನೆ ಹೊಟ್ಟೆ ತುಂಬ ಹಾಕಿದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ ಕುಸಿದು ಹೃದಯ ನಿಲ್ಲಬಹುದು. ಅದನ್ನು ವೈದ್ಯರ ಕಣ್ಣೆದುರೇ ಸ್ವಲ್ಪ ಸ್ವಲ್ಪವಾಗಿ ಉಣ್ಣಿಸಬೇಕು. ನಿಮ್ಮದು ಆ ಸ್ಥಿತಿಯಲ್ಲಿಲ್ಲ.

ದಿನದ ಆಹಾರವನ್ನು ಮೂರು ಹೊತ್ತಿಗೆ ಹಂಚಿ. ಇಲ್ಲಿಗೆ ನಿಮ್ಮ ಸ್ಟೂಲಿನ ಪ್ರಶ್ನೆ ಬರುತ್ತದೆ. ಎದೆ ಆಳವಾದ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ಊದಿಕೊಂಡು ತಿರುಚಿಕೊಳ್ಳುವ ಅವಘಡ ಗ್ರೇಟ್ ಡೇನ್‌ಗಳಿಗೆ ಎಲ್ಲ ತಳಿಗಳಿಗಿಂತ ಹೆಚ್ಚು. ಎತ್ತರದ ಬಟ್ಟಲು ಅದನ್ನು ತಡೆಯುತ್ತದೆಂದು ಬಹಳ ಕಾಲ ಹೇಳುತ್ತಿದ್ದರು. ಸಾವಿರಕ್ಕೂ ಹೆಚ್ಚು ದೊಡ್ಡ ನಾಯಿಗಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಫಲಿತಾಂಶ ತಿರುಗುಮುರುಗಾಗಿ ಬಂತು, ಎತ್ತರದಲ್ಲಿ ತಿಂದವಕ್ಕೇ ಅಪಾಯ ಹೆಚ್ಚಿತ್ತು. ಬಟ್ಟಲು ನೆಲದ ಮೇಲಿರಲಿ. ದಿನಕ್ಕೊಂದೇ ಭಾರೀ ಊಟ, ಗಬಗಬನೆ ನುಂಗುವುದು, ಮೈ ಸೊರಗಿರುವುದು ಇವೂ ಅಪಾಯದ ಪಟ್ಟಿಯಲ್ಲಿರುವುದರಿಂದ ನಿಮ್ಮ ರಾತ್ರಿಯ ಆ ದೊಡ್ಡ ಅನ್ನದ ಬಟ್ಟಲು ನನಗೆ ಹಿಡಿಸುವುದಿಲ್ಲ. ತಿನ್ನುವ ವೇಗ ತಗ್ಗಿಸಲು ಹಣ ಖರ್ಚು ಮಾಡಿ ವಿಶೇಷ ಬಟ್ಟಲು ತರಬೇಕಿಲ್ಲ. ಅಗಲವಾದ ತಟ್ಟೆಯಲ್ಲಿ ಹರಡಿ, ನಡುವೆ ನುಂಗಲಾಗದಷ್ಟು ದೊಡ್ಡದೊಂದು ಲೋಟ ಬೋರಲು ಹಾಕಿದರೆ ನಾಯಿ ಸುತ್ತಿ ಸುತ್ತಿ ತಿನ್ನುತ್ತದೆ. ಊಟದ ಹಿಂದೆ ಮುಂದೆ ಒಂದು ಗಂಟೆ ಓಡಿಸಬೇಡಿ. ವಾಂತಿ ಮಾಡಲು ಹವಣಿಸಿಯೂ ಏನೂ ಬಾರದಿರುವುದು, ಜೊಲ್ಲು ಸುರಿಸುತ್ತ ನಿಂತಲ್ಲಿ ನಿಲ್ಲದೆ ಚಡಪಡಿಸುವುದು, ಹೊಟ್ಟೆ ತಮಟೆಯಂತೆ ಬಿಗಿಯುವುದು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಆ ಕ್ಷಣವೇ ಶಸ್ತ್ರಚಿಕಿತ್ಸೆಯಿರುವ ಆಸ್ಪತ್ರೆಗೆ ಹೊರಡಿ. ಅಲ್ಲಿ ನಿಮಿಷಗಳಿಗೆ ಬೆಲೆಯಿದೆ.

ಕಡೆಯದಾಗಿ, ಫಲವನ್ನು ಅಳೆಯುವ ವಿಚಾರ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಒಂದೇ ತೂಕದ ಯಂತ್ರದಲ್ಲಿ ತೂಗಿ ಬರೆದಿಡಿ; ಮೇಲಿನಿಂದ ಒಂದು ಚಿತ್ರವನ್ನೂ ತೆಗೆಯಿರಿ, ಏಕೆಂದರೆ ದಿನವೂ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ವಾರಕ್ಕೆ ತೂಕದ ಶೇಕಡಾ ಒಂದರಿಂದ ಎರಡು, ಅಂದರೆ ಅರ್ಧ ಕಿಲೋದಿಂದ ಒಂದು ಕಿಲೋದವರೆಗೆ ಏರಿದರೆ ಸಾಕು. ಮೂರು ವಾರಗಳಲ್ಲಿ ಒಂದೂವರೆ ಕಿಲೋ ಏರದಿದ್ದರೆ ಒಣ ಆಹಾರವನ್ನು ಹತ್ತರಲ್ಲಿ ಒಂದು ಪಾಲು ಹೆಚ್ಚಿಸಿ, ಇನ್ನೆರಡು ವಾರ ನೋಡಿ, ಮತ್ತೆ ಹೆಚ್ಚಿಸಿ. ಹುಳುವಿನ ಚಿಕಿತ್ಸೆ ಮುಗಿದು, ತೂಗಿ ಹಾಕಿದ 3500 ಕ್ಯಾಲರಿ ದಿನವೂ ಒಳಗೆ ಹೋಗಿಯೂ ತೂಕ ನಿಂತಲ್ಲೇ ನಿಂತರೆ ಆಹಾರ ಬದಲಿಸುವುದನ್ನು ಅಲ್ಲಿಗೆ ನಿಲ್ಲಿಸಿ. ಉಳಿದ ಹಣವನ್ನು ಮತ್ತೊಂದು ಚೀಲಕ್ಕೆ ಹಾಕದೆ ರಕ್ತಪರೀಕ್ಷೆಗೆ ಹಾಕಿ, ನೀವು ಬರೆದಿಟ್ಟ ತೂಕದ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ಎಷ್ಟು ತಿಂದಿತು, ಎಷ್ಟು ಏರಿತು ಎಂಬ ಆ ಎರಡು ಸಾಲು ಅಂಕಿಗಳಿದ್ದರೆ ಯಾವ ಪರೀಕ್ಷೆ ಮೊದಲು, ಯಾವುದು ಬೇಡವೇ ಬೇಡ ಎಂದು ವೈದ್ಯರು ಹೇಳಬಲ್ಲರು.